ಗುಡಿಸಿ ಸಾರಿಸಲು ಕರುಳಿಗೂ ಕಸುವು ಬೇಕು

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಎಲ್ಲ ಮಕ್ಕಳಿಗೂ ಜಂತುಹುಳುವಿನ ಮಾತ್ರೆ ಕೊಡುತ್ತೇವೆ. ಆದರೆ ತೂಕ ಕಡಿಮೆ ಇರುವ ಅದೇ ಮೂರ್ನಾಲ್ಕು ಮಕ್ಕಳಿಗೆ ಮೂರು ತಿಂಗಳಾಗುವಷ್ಟರಲ್ಲಿ ಮತ್ತೆ ಹುಳು ಬೀಳುತ್ತದೆ. ಅದೇ ಅಂಗಳದಲ್ಲಿ ಆಡುವ ಉಳಿದವರಿಗೆ ಅಷ್ಟಾಗಿ ಇಲ್ಲ. ಒಂದು ಮನೆಯಲ್ಲಿ ಅಜ್ಜಿ, "ತಿನ್ನಿಸಿದ್ದೆಲ್ಲ ಹುಳುವಿನ ಪಾಲು, ಮೊದಲು ಹುಳು ಹೋಗಲಿ" ಎಂದು ಮಗುವಿಗೆ ಮೊಟ್ಟೆ, ಬೆಲ್ಲ ಎರಡನ್ನೂ ನಿಲ್ಲಿಸಿದ್ದಾರೆ. ಮಗು ಸೊರಗಿದ್ದಕ್ಕೆ ಹುಳು ಬಂತೋ, ಹುಳು ಬಂದದ್ದಕ್ಕೆ ಸೊರಗಿತೋ? ಅಜ್ಜಿಗೆ ಏನು ಹೇಳಲಿ?

ಉತ್ತರ: ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ಜಂತುಹುಳು ಸಣ್ಣ ಕರುಳಿನಲ್ಲಿ ಕುಳಿತು, ಮಗು ತಿಂದು ಅರೆ ಜೀರ್ಣವಾದುದನ್ನೇ ತಿನ್ನುತ್ತದೆ. ಒಂದು ಗೇಣಿಗಿಂತ ಉದ್ದ ಬೆಳೆಯುವ ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅಷ್ಟಕ್ಕೆ ಬೇಕಾದ ಸರಕು ಮಗುವಿನ ತಟ್ಟೆಯಿಂದಲೇ ಹೋಗಬೇಕು. ಆದರೆ ಊಟ ನಿಲ್ಲಿಸಿದರೆ ಹುಳು ಸಾಯುವುದಿಲ್ಲ. ಸಾಯುವುದು ಹುಳುವನ್ನು ಹೊರಗಟ್ಟುವ ಕರುಳಿನ ಶಕ್ತಿ. ಬಡಕಲು ಮಗುವಿನ ಹೊಟ್ಟೆಯಲ್ಲಿ ಹುಳು ಹೆಚ್ಚು ನೆಮ್ಮದಿಯಾಗಿ, ಹೆಚ್ಚು ಕಾಲ ಬದುಕುತ್ತದೆ. ಅಜ್ಜಿಗೆ ಹೇಳಬೇಕಾದದ್ದು ಇಷ್ಟೇ. ಏಕೆ ಎನ್ನುವುದನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಆ ಮನೆಯಲ್ಲಿ ವಾದ ಮಾಡಬೇಕಾದವರು ನೀವು.

ನಿಮ್ಮ ಮೂರು ತಿಂಗಳ ಲೆಕ್ಕವನ್ನೇ ಮೊದಲು ನೋಡೋಣ. ನೀವು ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಜಂತುಹುಳುವಿನ ಮಟ್ಟಿಗೆ ರಾಮಬಾಣ. ಒಂದೇ ಮಾತ್ರೆಗೆ ನೂರರಲ್ಲಿ 95ರಷ್ಟು ಮಂದಿಯ ಹೊಟ್ಟೆ ಖಾಲಿಯಾಗುತ್ತದೆ. ರಕ್ತ ಹೀರುವ ಕೊಕ್ಕೆಹುಳುವಿಗೆ ಸುಮಾರು 80. ಚಾಟಿಹುಳುವಿಗೆ ಮಾತ್ರ 30ರ ಆಸುಪಾಸು. ಅದು ತನ್ನ ಸಪೂರ ತಲೆಯನ್ನು ದೊಡ್ಡ ಕರುಳಿನ ಒಳಪೊರೆಗೆ ಹೊಲಿದುಕೊಂಡಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಇನ್ನು, ಮಲದಲ್ಲಿ ಬಿದ್ದ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಕಳೆದು ಸೋಂಕಿಗೆ ಸಿದ್ಧವಾಗುತ್ತದೆ. ಅದು ಕೈಗೆ, ಕೈಯಿಂದ ಬಾಯಿಗೆ ಹೋದರೆ ಮರಿ ಹೊರಬಂದು ಕರುಳಿನ ಗೋಡೆ ದಾಟಿ, ಯಕೃತ್ತು, ಶ್ವಾಸಕೋಶಗಳನ್ನು ಸುತ್ತಿ, ಗಂಟಲಿಗೆ ಬಂದು, ನುಂಗಿದಾಗ ಮರಳಿ ಕರುಳಿಗೇ ಬಂದು ಬಲಿಯುತ್ತದೆ. ಈ ತಿರುಗಾಟಕ್ಕೆಲ್ಲ ಹಿಡಿಯುವುದು ಎರಡರಿಂದ ಮೂರು ತಿಂಗಳು. ಎಂದರೆ ಮೇ ತಿಂಗಳಲ್ಲಿ ನಿಮಗೆ ಕಂಡದ್ದು ಫೆಬ್ರುವರಿಯಲ್ಲಿ ಉಳಿದುಕೊಂಡ ಹುಳುವಲ್ಲ, ಬಹುಮಟ್ಟಿಗೆ ಹೊಸದಾಗಿ ಬಂದು ನೆಲೆಯೂರಿದ್ದು. ಮಾತ್ರೆ ಒಳಗಿದ್ದವರನ್ನು ಎಬ್ಬಿಸಿತು, ಬಾಗಿಲು ಹಾಕಲಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2012ರಲ್ಲಿ ಲೆಕ್ಕ ಹಾಕಿದಾಗ, ಚಿಕಿತ್ಸೆಯಾದ ಒಂದು ವರ್ಷಕ್ಕೆ ಜಂತುಹುಳುವಿನ ಹರಡುವಿಕೆ ಮೊದಲಿದ್ದುದರ ಶೇ 94ರಷ್ಟಕ್ಕೆ ಹಿಂತಿರುಗಿತ್ತು. ನೀವು ಮಾಡುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಮಾತ್ರೆಯ ಸ್ವಭಾವವೇ ಅಷ್ಟು.

(ನಡುವೆ ಒಂದು ಮಾತು. ನಿಮಗೆ ಕಂಡದ್ದು ಬಿಳಿ ದಾರದ ತುಣುಕಿನಂಥ ಪುಟ್ಟ ಹುಳುವಾಗಿದ್ದು, ಮಗು ರಾತ್ರಿ ಗುದದ್ವಾರ ಕೆರೆದುಕೊಳ್ಳುತ್ತಿದ್ದರೆ ಅದು ನೂಲುಹುಳು. ಅದು ದಷ್ಟಪುಷ್ಟ ಮಕ್ಕಳಿಗೂ ಬರುತ್ತದೆ. ಮನೆಮಂದಿಗೆಲ್ಲ ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು. ಮುಂದೆ ಹೇಳುವುದು ಅದರ ಕಥೆಯಲ್ಲ.)

"ಅದೇ ಮೂರ್ನಾಲ್ಕು ಮಕ್ಕಳು" ಎಂದಿರಲ್ಲ, ಅದನ್ನು ಓದಿದಾಗ ನನಗೆ ಖುಷಿಯಾಯಿತು. ಒಳ್ಳೆಯ ಕಣ್ಣು ನಿಮ್ಮದು. ಹುಳುಗಳು ಊರಿನವರಿಗೆಲ್ಲ ಸಮನಾಗಿ ಹಂಚಿಹೋಗುವುದಿಲ್ಲ, ಬಹುಪಾಲು ಹುಳು ಕೆಲವೇ ಮಂದಿಯ ಹೊಟ್ಟೆಯಲ್ಲಿರುತ್ತದೆ. 1980ರ ದಶಕದಲ್ಲಿ ತಮಿಳುನಾಡು ಗಡಿಯ ಪುಲಿಕಾಟ್ ಸರೋವರದ ಬಳಿ, ಮೀನುಗಾರರ ಹಳ್ಳಿಯೊಂದರಲ್ಲಿ ಮಾತ್ರೆ ಕೊಟ್ಟು, ಹೊರಬಿದ್ದ ಹುಳುಗಳನ್ನು ಎಣಿಸಿ, ತಿಂಗಳುಗಟ್ಟಲೆ ಕಾದು ಮತ್ತೆ ಎಣಿಸಿದರು. ಮೊದಲ ಸಲ ಹೆಚ್ಚು ಹುಳು ಇದ್ದವರಿಗೇ ಎರಡನೆಯ ಸಲವೂ ಹೆಚ್ಚು ಸೇರಿಕೊಳ್ಳುವ ಒಲವು ಕಂಡಿತು. ಇದರಲ್ಲಿ ಮನೆಯ ಅಂಗಳದ ಪಾಲಿದೆ, ಮಣ್ಣು ತಿನ್ನುವ ಅಭ್ಯಾಸದ ಪಾಲಿದೆ. ವಂಶವಾಹಿಯದೂ ಇದೆ: ನೇಪಾಳದ ಜಿರೇಲ್ ಸಮುದಾಯದಲ್ಲಿ ಅದನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ. ವಂಶವಾಹಿಯನ್ನು ನೀವೂ ನಾನೂ ಬದಲಿಸಲಾರೆವು. ಬದಲಿಸಬಹುದಾದದ್ದು ತಟ್ಟೆಯಲ್ಲಿರುವುದು.

ಈಗ ಕರುಳಿನೊಳಕ್ಕೆ ಹೋಗೋಣ. ಆರೋಗ್ಯವಂತ ಮಗುವಿನ ಸಣ್ಣ ಕರುಳಿನ ಒಳಪೊರೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತಾಗಿ ಬೆಳೆದ ಪೈರಿನಂತೆ ಕಾಣುತ್ತದೆ. ಎದ್ದು ನಿಂತ ಸಾವಿರಾರು ಬೆರಳುಗಳು. ಆ ಬೆರಳುಗಳ ಮೇಲ್ಮೈಯ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತವೆ. ಆ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ತಲೆಯ ಮೇಲೆ ಜುಟ್ಟಿರುವ ಕೋಶ ಕಾಣುತ್ತದೆ. ಹೆಸರೇ ಟಫ್ಟ್ ಕೋಶ, ಜುಟ್ಟಿನ ಕೋಶ. 1950ರ ದಶಕದಲ್ಲಿಯೇ ಅವನ್ನು ಕಂಡಿದ್ದರೂ ಅವು ಅಲ್ಲಿ ಏನು ಮಾಡುತ್ತವೆ ಎನ್ನುವುದು ಬಗೆಹರಿದಿರಲಿಲ್ಲ. 2016ರಲ್ಲಿ ಮೂರು ಬೇರೆ ಬೇರೆ ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ಉತ್ತರ ಕೊಟ್ಟವು: ಹುಳು ಬಂದಿದೆ ಎಂದು ಮೊದಲು ಕೂಗು ಹಾಕುವವು ಇವೇ.

ಕೂಗು ಎಂದರೆ ಇಂಟರ್‌ಲ್ಯೂಕಿನ್-25 ಎಂಬ ಸಂಕೇತ. ಅದನ್ನು ಕೇಳಿ ಪೊರೆಯ ಕೆಳಗಿರುವ ಒಂದು ಬಗೆಯ ಬಿಳಿ ರಕ್ತಕಣಗಳು ಎಚ್ಚರಗೊಂಡು ಇಂಟರ್‌ಲ್ಯೂಕಿನ್-13 ಹೊರಡಿಸುತ್ತವೆ. ಅಲ್ಲಿಂದ ಮುಂದಿನದು ನಮ್ಮ ಮನೆಗಳಲ್ಲಿ ಬೆಳಗಾದರೆ ನಡೆಯುವ ಕೆಲಸ: ಗುಡಿಸುವುದು, ಸಾರಿಸುವುದು. ಲೋಳೆ ಸ್ರವಿಸುವ ಕೋಶಗಳು ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ, ಹುಳುವಿಗೆ ಹಿಡಿತ ಸಿಗದಂತೆ ನೆಲವೆಲ್ಲ ಜಾರುಬಂಡೆಯಾಗುತ್ತದೆ. ಕರುಳಿನ ಸ್ನಾಯು ಬಿಗಿಯಾಗಿ ಹಿಂಡಿ ಕೆಳಕ್ಕೆ ದಬ್ಬುತ್ತದೆ. ನೀರು ಒಸರುತ್ತದೆ. ಒಳಪೊರೆಯ ಕೋಶಗಳು ಇನ್ನೂ ಬೇಗ ಹುಟ್ಟಿ ಮೇಲೇರಿ ಉದುರತೊಡಗುತ್ತವೆ. ಪೊರೆಗೆ ತಲೆ ಹೊಲಿದುಕೊಂಡ ಚಾಟಿಹುಳುವಿನಂಥದ್ದು ಆ ಓಡುವ ಮೆಟ್ಟಿಲ ಮೇಲೆ ನಿಂತವನಂತೆ ಹೊರಕ್ಕೆ ಸಾಗಿಹೋಗುತ್ತದೆ. ಹುಳುವನ್ನು ಕೊಲ್ಲಲೇಬೇಕು ಎಂಬ ಹಟ ಕರುಳಿಗಿಲ್ಲ. ಇರಲು ಜಾಗ ಸಿಗದಂತೆ ಮಾಡಿದರೆ ಸಾಕು.

ಇದೆಲ್ಲ ಬಿಟ್ಟಿ ಕೆಲಸವಲ್ಲ. ಲೋಳೆಯನ್ನೇ ತೆಗೆದುಕೊಳ್ಳಿ. ಅದರ ಬೆನ್ನೆಲುಬಾದ ಮ್ಯೂಸಿನ್ ಎಂಬ ಪ್ರೋಟೀನಿಗೆ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಬಹಳ ಬೇಕು. ನಾವು ತಿನ್ನುವ ಥ್ರಿಯೋನಿನ್‌ನ ದೊಡ್ಡ ಪಾಲನ್ನು ಕರುಳೇ ಇಟ್ಟುಕೊಳ್ಳುತ್ತದೆ. ಅಕ್ಕಿಯಲ್ಲಿ ಮೊದಲ ಕೊರತೆ ಲೈಸಿನ್, ಎರಡನೆಯದು ಇದೇ ಥ್ರಿಯೋನಿನ್. ಬರೀ ಅನ್ನ ತಿನ್ನುವ ಮಗುವಿನ ಕರುಳು ಸಾರಿಸುವುದಾದರೂ ಯಾವುದರಿಂದ? ಬೇಳೆ ಸೇರಿದರೆ ಈ ಕೊರತೆ ತುಂಬುತ್ತದೆ. ಆದರೆ ನಮ್ಮಲ್ಲಿ ಮಗುವಿಗೆ ಬಡಿಸುವುದು ಹೆಚ್ಚಾಗಿ ಸಾರಿನ ಮೇಲಿನ ತಿಳಿ. "ಖಾರ ಇಲ್ಲ, ಜೀರ್ಣ ಆಗುತ್ತದೆ" ಎನ್ನುತ್ತಾರೆ. ಬೇಳೆ ತಪ್ಪಲೆಯ ತಳದಲ್ಲಿಯೇ ಉಳಿದು ದೊಡ್ಡವರ ಪಾಲಾಗುತ್ತದೆ. ಮುಂದಿನ ಸಲ ಮನೆ ಭೇಟಿಗೆ ಹೋದಾಗ ಏನು ತಿನ್ನಿಸಿದಿರಿ ಎಂದು ಕೇಳಬೇಡಿ, ಸೌಟು ಎಲ್ಲಿಯವರೆಗೆ ಮುಳುಗಿತು ಎಂದು ನೋಡಿ.

ಪ್ರೋಟೀನ್ ಕೊರತೆ ಈ ಕೆಲಸವನ್ನು ಹೇಗೆ ಕೆಡಿಸುತ್ತದೆ ಎನ್ನುವುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮರಿಲಿನ್ ಸ್ಕಾಟ್ ಮತ್ತು ಕ್ರಿಸ್ಟೀನ್ ಕೋಸ್ಕಿ ಅವರ ತಂಡದವರು. ಇಲಿಗಳ ಸಣ್ಣ ಕರುಳಿನಲ್ಲಿ ಬದುಕುವ ಒಂದು ದುಂಡುಹುಳುವನ್ನು ಹೊಟ್ಟೆ ತುಂಬ ಪ್ರೋಟೀನ್ ತಿಂದ ಇಲಿಗಳಿಗೂ, ಪ್ರೋಟೀನ್ ಕಡಿತಗೊಳಿಸಿದ ಇಲಿಗಳಿಗೂ ಸೋಂಕಿಸಿದರು. ಕೊರತೆಯ ಇಲಿಗಳಲ್ಲಿ ಹುಳು ಹೆಚ್ಚು ಕಾಲ ಉಳಿಯಿತು. 2000ದಲ್ಲಿ ಪ್ರಕಟವಾದ ಅವರ ವರದಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆ ಇಲಿಗಳ ಕರುಳು ಸುಮ್ಮನೆ ಕೂತಿರಲಿಲ್ಲ. ಹುಳುವಿನ ವಿರುದ್ಧ ಬೇಕಾದ ಇಂಟರ್‌ಲ್ಯೂಕಿನ್-4 ಕುಗ್ಗಿತ್ತು. ಅದರ ಬದಲು ವೈರಸ್, ಬ್ಯಾಕ್ಟೀರಿಯಾಗಳ ವಿರುದ್ಧ ಬಳಕೆಯಾಗುವ ಗಾಮಾ ಇಂಟರ್‌ಫೆರಾನ್ ಮೇಲುಗೈ ಪಡೆದಿತ್ತು. ಪೊರಕೆ ಬೇಕಾದಲ್ಲಿ ಕೊಡಲಿ ಹಿಡಿದಂತೆ. ಕೊಡಲಿಯಿಂದ ಕಸ ಹೋಗುವುದಿಲ್ಲ, ನೆಲ ಒಡೆಯುತ್ತದೆ. ಸತುವಿನ ಕೊರತೆಯಲ್ಲಿಯೂ ಇದೇ ತಂಡ ಹುಳುವಿನ ವಿರುದ್ಧದ ಪ್ರತಿಕ್ರಿಯೆ ಕುಗ್ಗುವುದನ್ನು ಕಂಡಿತು.

ಹಾಗೆಂದು "ಅಪೌಷ್ಟಿಕತೆ ಎಂದರೆ ರೋಗನಿರೋಧಕ ಶಕ್ತಿ ಇಲ್ಲ" ಎಂದು ಒಂದೇ ಗೆರೆ ಎಳೆಯಬೇಡಿ. ತರಬೇತಿಗಳಲ್ಲಿ ನಾವು ವೈದ್ಯರೇ ಹಾಗೆ ಹೇಳಿಕೊಟ್ಟಿರುತ್ತೇವೆ, ಅದು ಒರಟು ಮಾತು. ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಯಾಸ್ಮೀನ್ ಬೆಲ್ಕೈಡ್ ಅವರ ತಂಡ ಎ ಜೀವಸತ್ವದ ಕೊರತೆಯಿರುವ ಇಲಿಗಳನ್ನು ಪರೀಕ್ಷಿಸಿ 2014ರಲ್ಲಿ ಅಚ್ಚರಿಯ ಸಂಗತಿಯೊಂದನ್ನು ಹೇಳಿತು. ಬ್ಯಾಕ್ಟೀರಿಯಾಗಳ ವಿರುದ್ಧ ಕಾವಲಿರುವ ಕಣಗಳು ಆ ಇಲಿಗಳಲ್ಲಿ ಕಡಿಮೆಯಾದವು. ಹುಳುವಿನ ವಿರುದ್ಧದ ಕಣಗಳು ಹೆಚ್ಚಾದವು, ಲೋಳೆಯೂ ಹೆಚ್ಚಿತು. ಎರಡು ಬಾಗಿಲಿಗೂ ಕಾವಲು ಹಾಕಲಾಗದಿದ್ದಾಗ ದೇಹ ಒಂದನ್ನು ಆರಿಸಿಕೊಳ್ಳುತ್ತದೆ. ಮನುಷ್ಯಕುಲ ಉದ್ದಕ್ಕೂ ಹಸಿವು ಮತ್ತು ಹುಳು ಎರಡರ ಜೊತೆಗೂ ಬಾಳಿದ್ದರಿಂದ ದೇಹ ಕಲಿತ ಉಪಾಯವಿದು ಎಂದು ನನ್ನ ಊಹೆ. ಆದರೆ ನಿಮ್ಮ ಮಕ್ಕಳಿಗೆ ಎ ಜೀವಸತ್ವವೊಂದೇ ಕಡಿಮೆಯಿರುವುದಿಲ್ಲ. ಪ್ರೋಟೀನ್, ಸತು, ಕಬ್ಬಿಣ ಎಲ್ಲವೂ ಒಟ್ಟಿಗೇ ಕೈಕೊಟ್ಟಿರುತ್ತವೆ, ಆಗ ಯಾವ ಉಪಾಯವೂ ನಡೆಯುವುದಿಲ್ಲ.

ಇಷ್ಟು ಹುಳುವಿನ ಮಾತಾಯಿತು. ಕರುಳಿನ ಪರಾವಲಂಬಿಗಳಲ್ಲಿ ಕಣ್ಣಿಗೆ ಕಾಣದವೂ ಇವೆ: ಅಮೀಬಾ, ಗಿಯಾರ್ಡಿಯಾ. ಇವುಗಳ ವಿರುದ್ಧ ಕರುಳು ಬಳಸುವ ಆಯುಧ ಬೇರೆ. ಐಜಿಎ ಎಂಬ ಪ್ರತಿಕಾಯ ಅದರಲ್ಲಿ ಮುಖ್ಯವಾದುದು. ಢಾಕಾದ ಮೀರ್‌ಪುರದ ಕೊಳೆಗೇರಿಯಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರಿಗೆ ಸಿಕ್ಕ ಸುಳಿವು ಲೆಪ್ಟಿನ್ ಎಂಬ ಹಾರ್ಮೋನು. ಅದು ಮೈಕೊಬ್ಬಿನಲ್ಲಿ ತಯಾರಾಗುತ್ತದೆ. ಕೊಬ್ಬು ಕರಗಿದರೆ ಅದೂ ಇಳಿಯುತ್ತದೆ. ಹಸಿವಿದೆಯೋ, ಹೊಟ್ಟೆ ತುಂಬಿದೆಯೋ ಎಂಬುದನ್ನು ಮಿದುಳಿಗೆ ತಿಳಿಸುವುದು ಅದರ ಹೆಸರಾದ ಕೆಲಸ, ಆದರೆ ಕರುಳಿನ ಒಳಪೊರೆಯನ್ನು ಕಾಯುವುದೂ ಅದೇ. ಲೆಪ್ಟಿನ್ ಬಂದು ಕೂರುವ ಗ್ರಾಹಕದಲ್ಲಿ ಒಂದೇ ಒಂದು ಅಮೈನೋ ಆಮ್ಲ ವ್ಯತ್ಯಾಸವಿರುವ ಮಕ್ಕಳಿಗೆ ಅಮೀಬಾ ಸೋಂಕು ಹೆಚ್ಚುಕಡಿಮೆ ನಾಲ್ಕು ಪಟ್ಟು ತಗಲುತ್ತದೆ ಎಂದು 2011ರಲ್ಲಿ ತೋರಿಸಿದರು. ಬಡಕಲು ಮಗುವಿನಲ್ಲಿ ಗ್ರಾಹಕ ಸರಿಯಿದ್ದರೂ ಲೆಪ್ಟಿನ್ನೇ ಕಡಿಮೆ ಇರುತ್ತದೆ. ನೆನಪಿಡಿ, ನಿಮ್ಮ ಒಂದು ಆಲ್ಬೆಂಡಜೋಲ್ ಮಾತ್ರೆ ಅಮೀಬಾವನ್ನು ಮುಟ್ಟುವುದಿಲ್ಲ, ಗಿಯಾರ್ಡಿಯಾಕ್ಕೆ ಒಂದೇ ಮಾತ್ರೆ ಸಾಲುವುದಿಲ್ಲ. ವಾರಗಟ್ಟಲೆ ತೆಳ್ಳಗೆ, ಜಿಡ್ಡುಜಿಡ್ಡಾಗಿ, ಗಬ್ಬು ವಾಸನೆಯ ಭೇದಿಯಾಗುತ್ತಿದ್ದರೆ ಮತ್ತೊಂದು ಜಂತುಹುಳುವಿನ ಮಾತ್ರೆ ಕೊಡಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ.

ಸೊರಗಿದ್ದಕ್ಕೆ ಹುಳುವೋ, ಹುಳುವಿಗೆ ಸೊರಗಿದ್ದೋ ಎಂದಿರಿ. ಎರಡೂ ಹೌದು. ಕೊಕ್ಕೆಹುಳು ರಕ್ತ ಹೀರುತ್ತದೆ. ಒಂದು ಹುಳುವಿನ ಲೆಕ್ಕ ದಿನಕ್ಕೆ ಹನಿಯ ಭಾಗವಾದರೂ ನೂರು ಹುಳು ಸೇರಿದರೆ ಮಗುವಿನ ಕಬ್ಬಿಣ ಬತ್ತುತ್ತದೆ. ಚಾಟಿಹುಳು ವಿಪರೀತವಾದರೆ ರಕ್ತಭೇದಿಯಾಗಿ ಬೆಳವಣಿಗೆಯೇ ನಿಲ್ಲುತ್ತದೆ. ಜಂತುಹುಳು ಹಸಿವನ್ನು ಕೊಲ್ಲುತ್ತದೆ. ಹೀಗೆ ಸೋಂಕು ಪೋಷಣೆಯ ಕೊರತೆಯನ್ನೂ, ಪೋಷಣೆಯ ಕೊರತೆ ಸೋಂಕನ್ನೂ ಬೆಳೆಸುತ್ತದೆ ಎಂಬುದನ್ನು ನೆವಿನ್ ಸ್ಕ್ರಿಮ್‌ಶಾ ಮತ್ತು ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಗೆ 1968ರಲ್ಲಿ ಬರೆದುಕೊಟ್ಟ ವರದಿಯಲ್ಲಿ ಕಟ್ಟಿಕೊಟ್ಟಿದ್ದರು. ಇದರ ಮೇಲೆ ಇನ್ನೊಂದು ಪದರವಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್, ಮಥಾನ್ ಮೊದಲಾದವರು ಏನೂ ಕಾಯಿಲೆ ಇಲ್ಲದ ದಕ್ಷಿಣ ಭಾರತದ ಜನರ ಕರುಳಿನ ಚೂರು ತೆಗೆದು ನೋಡಿದಾಗ, ನಾನು ಹೇಳಿದ ಆ ಪೈರು ಒತ್ತಾಗಿ ನಿಂತಿರಲಿಲ್ಲ. ಬೆರಳುಗಳು ಮೊಂಡಾಗಿ, ಒಂದಕ್ಕೊಂದು ಅಂಟಿ, ಎಲೆಯಾಕಾರಕ್ಕೆ ತಿರುಗಿದ್ದವು. ಕೊಳಕು ನೀರು, ಕೊಳಕು ನೆಲದ ನಡುವೆ ಬದುಕಿದವರ ಕರುಳು ಹಗಲಿರುಳು ಸಣ್ಣಗೆ ಉರಿಯುತ್ತಿರುತ್ತದೆ, ಆರಿಸದೆ ಬಿಟ್ಟ ಒಲೆಯಂತೆ. ತಿಂದುದರ ಒಂದು ಪಾಲು ಆ ಉರಿಗೇ ಸೌದೆ. ಬಾಯಿಯಿಂದ ಹಾಕುವ ರೋಟಾವೈರಸ್ ಲಸಿಕೆ ಶ್ರೀಮಂತ ದೇಶಗಳಲ್ಲಿ ಕೊಟ್ಟಷ್ಟು ಫಲ ನಮ್ಮಲ್ಲಿ ಕೊಡದಿರಲು ಇದೂ ಒಂದು ಕಾರಣವೆಂದು ಹಲವರು ನಂಬುತ್ತಾರೆ, ನಾನೂ ನಂಬುತ್ತೇನೆ.

ಹಾಗಾದರೆ ಮಾತ್ರೆ ವ್ಯರ್ಥವೇ? ಅಲ್ಲ, ಆದರೆ ಅದರ ಮೇಲೆ ಹೊರಿಸಿದ ಹೊರೆ ಹೆಚ್ಚು. ಉತ್ತರ ಪ್ರದೇಶದಲ್ಲಿ ಸುಮಾರು 10 ಲಕ್ಷ ಪುಟ್ಟ ಮಕ್ಕಳಿದ್ದ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳಿಗೊಮ್ಮೆ ಆಲ್ಬೆಂಡಜೋಲ್ ಕೊಟ್ಟು ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವಿನ ಪ್ರಮಾಣದಲ್ಲಾಗಲಿ, ತೂಕದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹುಳು ತುಂಬಿದ ಮಗುವಿಗೆ ಮಾತ್ರೆ ಖಂಡಿತ ಉಪಕಾರ ಮಾಡುತ್ತದೆ. ಊರಿನ ಎಲ್ಲ ಮಕ್ಕಳ ತೂಕವನ್ನು ಅದೊಂದೇ ಏರಿಸುವುದಿಲ್ಲ. ಮೊದಲೆಲ್ಲ ನಾನೂ ಒಂದು ಮಾತ್ರೆ ಬರೆದು ಕೈತೊಳೆದುಕೊಂಡವನೇ; ಅದೇ ಮಗು ಮುಂದಿನ ಮಳೆಗಾಲಕ್ಕೆ ಅದೇ ಹೊಟ್ಟೆ ಹೊತ್ತು ಬಂದಾಗ ತಾಯಿಯನ್ನು ಗದರಿದ್ದೂ ಇದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 65ರಷ್ಟು ರಕ್ತಹೀನರು. ಇಷ್ಟೂ ಮಂದಿಯ ತಾಯಂದಿರನ್ನು ಗದರಲು ಸಾಧ್ಯವೇ?

ಈಗ ಆ ಮೂರ್ನಾಲ್ಕು ಮಕ್ಕಳ ವಿಷಯ. ಮೊದಲು ತೋಳಿನ ಪಟ್ಟಿ ಹಿಡಿಯಿರಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದಗಳಲ್ಲಿ ಬೆರಳೊತ್ತಿದರೆ ಗುಂಡಿ ಬೀಳುವ ಬಾವು ಇದ್ದರೆ, ಹುಳುವಿನ ಯೋಚನೆ ಬಿಟ್ಟು ತಡಮಾಡದೆ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಿ. ಅಂಥ ಮಗುವಿಗೆ ಜ್ವರವಿಲ್ಲ ಎಂದು ಸಮಾಧಾನಪಡಬೇಡಿ. ಜ್ವರ ಬರುವುದಕ್ಕೂ ಶಕ್ತಿ ಬೇಕು. ತೀರಾ ಸೊರಗಿದ ಮಗು ಒಳಗೆ ಸೋಂಕು ತುಂಬಿಕೊಂಡು ಮೈ ತಣ್ಣಗೆ ಮಲಗಿರುತ್ತದೆ. ಅಲ್ಲಿ ಹುಳುವಿನ ಮಾತ್ರೆಯನ್ನು ಮಗು ಸ್ವಲ್ಪ ಚೇತರಿಸಿಕೊಂಡ ಮೇಲೆ ಕೊಡುತ್ತಾರೆ, ಕಬ್ಬಿಣದ ಔಷಧವನ್ನು ತೂಕ ಏರತೊಡಗಿದ ಮೇಲೆ. "ರಕ್ತ ಇಲ್ಲ, ಮೊದಲು ಟಾನಿಕ್ ಕೊಡಿ" ಎಂದು ಮನೆಯವರು ಒತ್ತಾಯಿಸಿದರೂ ಮೊದಲ ವಾರದಲ್ಲಿ ಬೇಡ.

ಅಷ್ಟು ಸೊರಗಿಲ್ಲದ ಮಕ್ಕಳಿಗೆ ಮಾತ್ರೆಯೂ ಊಟವೂ ಒಂದೇ ದಿನ ಶುರುವಾಗಲಿ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಿನಲ್ಲಿ. ಅಂದು ಕಾಯಿಲೆ ಮಲಗಿದ್ದರೆ ಮುಂದಿನ ಸುತ್ತಿನಲ್ಲಿ ಕೊಡಿ. ಅಂಗನವಾಡಿಯ ಮೊಟ್ಟೆಯನ್ನು ಮಗು ನಿಮ್ಮ ಕಣ್ಣೆದುರೇ ತಿನ್ನಲಿ. ಮನೆಗೆ ಒಯ್ದ ಮೊಟ್ಟೆ ಎಷ್ಟು ಪಾಲಾಗುತ್ತದೆ ಎನ್ನುವುದು ನನಗಿಂತ ನಿಮಗೆ ಗೊತ್ತು. ಭೇದಿಯಾದಾಗ ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆ, ಆರು ತಿಂಗಳು ಮೇಲ್ಪಟ್ಟವರಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ ಪೂರ್ತಿ. ಭೇದಿ ಮೂರನೆಯ ದಿನಕ್ಕೆ ನಿಂತಿತೆಂದು ಉಳಿದ ಮಾತ್ರೆಯನ್ನು ಕಪಾಟಿಗೆ ಸೇರಿಸುವ ಮನೆಗಳೇ ಹೆಚ್ಚು. ಹೊಟ್ಟೆ ಉಬ್ಬಿ, ನೋವಿನಿಂದ ಮುದುಡಿ, ಹಸಿರು ವಾಂತಿ ಮಾಡಿಕೊಂಡರೆ ಮಾತ್ರೆ ಬೇಡ, ಸೀದಾ ಆಸ್ಪತ್ರೆ. ಹುಳುಗಳು ಹೆಣೆದುಕೊಂಡು ಕರುಳಿಗೆ ಅಡ್ಡ ಕೂತಿರಬಹುದು. ಚಪ್ಪಲಿ, ಶೌಚಾಲಯ, ಉಗುರು, ಸೋಪು ಇವುಗಳ ಬಗ್ಗೆ ನೀವೇ ನನಗೆ ಪಾಠ ಹೇಳಬಲ್ಲಿರಿ.

ಬೆಲ್ಲದ ಮಾತು ಉಳಿಯಿತು. ಸಿಹಿಯಿಂದ ಹುಳು ಹುಟ್ಟುವುದಿಲ್ಲ. ಹುಳುವಿನ ಮೊಟ್ಟೆ ಬರುವುದು ಮಣ್ಣಿನಿಂದ. ಮಣ್ಣಾದ ಕೈಯಲ್ಲಿ ಬೆಲ್ಲ ತಿಂದರೆ ದೋಷ ಕೈಯದು. ಕಡಲೆಕಾಯಿಯೂ ಬೆಲ್ಲವೂ ಸೇರಿದ ಒಂದು ಉಂಡೆ ಆ ಮಗುವಿಗೆ ಔಷಧವೇ ಸರಿ ಎಂದು ವೈದ್ಯರು ಬರೆದಿದ್ದಾರೆಂದು ಅಜ್ಜಿಗೆ ಓದಿ ಹೇಳಿ. ಹಿರಿಯರ ಮನಸ್ಸನ್ನು ಕೆಲವೊಮ್ಮೆ ಅಚ್ಚಾದ ಕಾಗದ ತಿರುಗಿಸುತ್ತದೆ.

ಮೇ ತಿಂಗಳಲ್ಲಿ ಮತ್ತೆ ಅನುಮಾನ ಬಂದರೆ ಊಹೆಯ ಮೇಲೆ ಹೋಗುವ ಬದಲು ಆ ಮಕ್ಕಳ ಮಲ ಪರೀಕ್ಷೆ ಮಾಡಿಸಿ, ಯಾವ ಹುಳು ಎಂದು ತಿಳಿದುಕೊಳ್ಳೋಣ. ಬೆಳಗ್ಗೆಯೇ ಮಾದರಿ ಹಿಡಿದು ತಡವಿಲ್ಲದೆ ಪ್ರಯೋಗಾಲಯಕ್ಕೆ ತಲುಪಿಸಿ. ಗ್ಲಿಸರಿನ್ ಹಾಕಿ ಮಾಡುವ ಸ್ಲೈಡಿನಲ್ಲಿ ಜಂತುಹುಳುವಿನ ಮೊಟ್ಟೆ ಹಲಸಿನಕಾಯಿಯ ಮುಳ್ಳುಸಿಪ್ಪೆ ಹೊತ್ತಂತೆ ಕಂದಾಗಿ, ಎಷ್ಟು ಹೊತ್ತಾದರೂ ಕಾಣುತ್ತದೆ. ಚಾಟಿಹುಳುವಿನದು ಎರಡೂ ತುದಿಗೆ ಬಿರಡೆ ಹಾಕಿದ ಪುಟ್ಟ ಪೀಪಾಯಿ. ಕೊಕ್ಕೆಹುಳುವಿನ ಮೊಟ್ಟೆಯ ಸಿಪ್ಪೆ ಮಾತ್ರ ಬಲು ತೆಳು. ನಾನು ವಿದ್ಯಾರ್ಥಿಯಾಗಿದ್ದಾಗ ಚಹಾ ಕುಡಿದು ಬಂದು ನೋಡಿ "ಏನೂ ಇಲ್ಲ" ಎಂದು ಬರೆದಿದ್ದೆ. ನಮ್ಮ ಹಿರಿಯ ತಂತ್ರಜ್ಞರು ಅದೇ ಮಾದರಿಯಿಂದ ಹೊಸ ಸ್ಲೈಡ್ ಮಾಡಿ ಕೂಡಲೇ ಕಣ್ಣಿಗೆ ಹಿಡಿದರು: ಮೂರು ಮೊಟ್ಟೆ. ಒಂದು ಗಂಟೆಯಾದರೆ ಅವು ಕರಗಿ ಮಾಯವಾಗುತ್ತವೆ. ಸ್ಲೈಡ್ ಮಾಡಿದ ಅರ್ಧ ಗಂಟೆಯೊಳಗೆ ನೋಡಿ ಎಂದು ಚೀಟಿಯ ಮೇಲೆಯೇ ಬರೆದು ಕಳುಹಿಸಿ.